ಇಲಿ, ಬೆಕ್ಕು, ಹಲ್ಲಿ ಮತ್ತು ಗೋಬಿ ಮಂಚೂರಿ

ಹೊಸಪೇಟೆಯಲ್ಲಿ ಸಂಜೆ ಆರೂವರೆ ಆಯಿತೆಂದರೆ ಗೋಬಿ ಬಂಡಿಗಳ ಸ್ಟವ್ ಹತ್ತಿಕೊಳ್ಳುತ್ತವೆ. ನಮ್ಮ ಓಣಿಯ ತಿರುವಿನಲ್ಲಿ ನಿಲ್ಲುವ ಬಂಡಿಯ ಮೇಲೆ ಹಳದಿ ಅಕ್ಷರದಲ್ಲಿ ‘ಚೈನೀಸ್ ಫಾಸ್ಟ್ ಫುಡ್’ ಅಂತ ಬರೆಸಿದ್ದಾರೆ. ಪಕ್ಕದಲ್ಲೊಂದು ಡ್ರ್ಯಾಗನ್. ಪೇಂಟರಿಗೆ ಮಾದರಿ ಸಿಗಲಿಲ್ಲವೋ ಏನೋ, ಅದು ವಿಠ್ಠಲ ಗುಡಿಯ ಕಂಬದ ಯಾಳಿಯ ಹಾಗೇ ಇದೆ. ಬೆಂಗಳೂರಿನಿಂದ ಊರಿಗೆ ಹೋದಾಗಲೆಲ್ಲ ಒಂದು ಸಂಜೆ ಅಲ್ಲಿ ನಿಲ್ಲುವುದು ನನ್ನ ರೂಢಿ.

ಕಳೆದ ಸಲ ಜತೆಗೆ ಚಿಕ್ಕಪ್ಪನ ಮಗ ಇದ್ದ. ಟೈಲ್ಸ್ ವ್ಯಾಪಾರದವನು. ಮಾಲು ನೋಡಲು ಚೀನಾದ ಫೋಶಾನಿಗೆ ಹೋಗಿ ಹತ್ತು ದಿನ ಇದ್ದು ಬಂದಿದ್ದ. ಬಂಡಿಯ ಸುತ್ತ ನಿಂತಿದ್ದ ನಾಲ್ಕೈದು ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಏನ್ ತಿಂತಾರಪ್ಪ?’ ಊರು ಹೇಗಿದೆ, ಜನ ಹೇಗೆ, ದುಡಿಮೆ ಹೇಗೆ, ಊಹೂಂ, ಯಾರೂ ಕೇಳಲಿಲ್ಲ. ಅವನೂ ಆ ಪ್ರಶ್ನೆಗೆ ತಯಾರಾಗೇ ಬಂದಿದ್ದ. ಮೊಬೈಲ್ ತೆಗೆದು ಮಾರ್ಕೆಟ್ಟಿನ ಫೋಟೋ ತೋರಿಸಿದ. ಟಬ್ಬಿನಲ್ಲಿ ಕಪ್ಪೆ, ಬಲೆಚೀಲದಲ್ಲಿ ಆಮೆ, ದಾರದಲ್ಲಿ ಕಟ್ಟಿಟ್ಟ ಏಡಿ. ‘ನಾಕು ಕಾಲಿಂದು ಅಂದ್ರ ಟೇಬಲ್ ಒಂದು ಬಿಟ್ಟು ಎಲ್ಲಾ ತಿಂತಾರಣ್ಣ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅದು ಚೀನಾದಲ್ಲೇ ಗ್ವಾಂಗ್‌ಡಾಂಗ್ ಕಡೆಯವರ ಮೇಲೆ ಉಳಿದವರು ಹೇಳುವ ಹಳೇ ಜೋಕು ಎಂದು ನನಗೆ ಗೊತ್ತಿತ್ತು. ಆದರೂ ಟೂತ್‌ಪಿಕ್ಕಿಗೆ ಗೋಬಿ ಚುಚ್ಚಿಕೊಂಡು ನಕ್ಕೆ.

ನಗುತ್ತಿರುವಾಗಲೇ ಇನ್ನೊಂದು ಪಟ್ಟಿ ನೆನಪಾಯಿತು. ಒಬ್ಬ ಪರದೇಶಿ ವ್ಯಾಪಾರಿ ದೂರದ ಪಟ್ಟಣಕ್ಕೆ ಬಂದು, ಅಲ್ಲಿನ ಊಟ-ಪೇಟೆ ನೋಡಿ ಬರೆದಿಟ್ಟ ಪಟ್ಟಿ. ಈ ದೇಶದ ದೊರೆಗಳು ದನವೊಂದನ್ನು ಬಿಟ್ಟು ಏನು ಬೇಕಾದರೂ ತಿನ್ನುತ್ತಾರೆ. ಕುರಿ, ಹಂದಿ, ಜಿಂಕೆ, ಮೊಲ, ಪಾರಿವಾಳ ಹಾಗಿರಲಿ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯನ್ನೂ ಬಿಡುವುದಿಲ್ಲ. ಇವೆಲ್ಲ ಊರಿನ ಪೇಟೆಯಲ್ಲೇ ಮಾರಾಟಕ್ಕಿವೆ ಎನ್ನುವುದು ಅದರ ಸಾರಾಂಶ. ಆ ಪಟ್ಟಣ ಯಾವುದು ಅಂತೀರಿ? ಗೋಬಿ ಬಂಡಿಯಿಂದ 13 ಕಿಲೋಮೀಟರ್ ದೂರದ ನಮ್ಮ ಹಂಪಿ. ಬರೆದವನು ಫೆರ್ನಾವ್ ನೂನಿಜ್, ಪೋರ್ಚುಗೀಸ್ ಕುದುರೆ ವ್ಯಾಪಾರಿ. ಕಾಲ ಸುಮಾರು 1535, ಅಚ್ಯುತರಾಯನ ಆಳ್ವಿಕೆ.

ಹೊಸಪೇಟೆಯ ಶಾಲೆಗಳಲ್ಲಿ ಓದಿದ ನಮಗೆ ಪೋರ್ಚುಗೀಸರು ಹೊಸಬರಲ್ಲ. ಪ್ರತಿವರ್ಷ ಹಂಪಿ ಟ್ರಿಪ್ಪು, ಪ್ರತಿವರ್ಷ ಮೇಷ್ಟ್ರ ಅದೇ ಮಾತು: ಮುತ್ತು ರತ್ನಗಳನ್ನು ಬೀದಿಯಲ್ಲಿ ಸೇರಿನಲ್ಲಿ ಅಳೆದು ಮಾರುತ್ತಿದ್ದರು, ವಿದೇಶಿಯರೇ ಬರೆದಿದ್ದಾರೆ. ‘ವಿದೇಶಿಯರೇ’ ಎಂಬಲ್ಲಿ ಮೇಷ್ಟ್ರ ದನಿ ಸ್ವಲ್ಪ ಮೇಲೇರುತ್ತಿತ್ತು. ನಾವೇ ಹೇಳಿಕೊಂಡರೆ ಬಡಾಯಿ, ಹೊರಗಿನವರು ಹೇಳಿದರೆ ಸಾಕ್ಷಿ. ಆದರೆ ಅದೇ ಸಾಕ್ಷಿಯ ಇಲಿ-ಬೆಕ್ಕಿನ ಸಾಲನ್ನು ಯಾವ ಮೇಷ್ಟ್ರೂ ಹೇಳಲಿಲ್ಲ. ಗೈಡುಗಳೂ ಹೇಳುವುದಿಲ್ಲ. ಕೋರ್ಟಿನಲ್ಲಿ ಸಾಕ್ಷಿಯನ್ನು ಹೀಗೆ ಅರ್ಧ ನಂಬುವುದಕ್ಕೆ ಆಗುವುದಿಲ್ಲ. ಒಂದೋ ನೂನಿಜ್ ಮತ್ತು ಅವನ ಹಿಂದಿನ ಪಾಯೆಸ್ ಹೇಳಿದ್ದನ್ನೆಲ್ಲ ಎದುರಿಟ್ಟುಕೊಂಡು ಓದಬೇಕು, ಇಲ್ಲವೇ ಮುತ್ತು ರತ್ನವನ್ನೂ ವಾಪಸು ಕೊಡಬೇಕು.

ಎದುರಿಟ್ಟುಕೊಂಡು ಓದೋಣ. ಪೋರ್ಚುಗೀಸರ ಈ ಬರಹಗಳು ಪ್ಯಾರಿಸ್ಸಿನ ಹಸ್ತಪ್ರತಿಯೊಂದರಲ್ಲಿ ಉಳಿದಿದ್ದವು. 1897ರಲ್ಲಿ ಡೇವಿಡ್ ಲೋಪೆಸ್ ಅವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು, 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದು ತಮ್ಮ ಪುಸ್ತಕದ ಕೊನೆಗೆ ಸೇರಿಸಿದರು. ಇವತ್ತು ಹಂಪಿಯ ಬಗ್ಗೆ ನಾವು ಆಡುವ ಮಾತಿನ ಅರ್ಧದಷ್ಟಾದರೂ ಅಲ್ಲಿಂದ ಬಂದದ್ದೇ.

ದೊಮಿಂಗೊ ಪಾಯೆಸ್ ಬಂದದ್ದು 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ. ಅವನ ಪೇಟೆವರ್ಣನೆ ಓದಿದರೆ ಈಗಿನ ಫುಡ್ ವ್ಲಾಗರ್ ನೆನಪಾಗುತ್ತಾನೆ. ಒಂದು ಪಣಕ್ಕೆ ಎಷ್ಟು ಕೋಳಿ, ಎಷ್ಟು ಗೊಂಚಲು ದ್ರಾಕ್ಷಿ, ಎಷ್ಟು ದಾಳಿಂಬೆ, ಎಲ್ಲದಕ್ಕೂ ರೇಟು ಇದೆ. ಬೀದಿಬೀದಿಯಲ್ಲಿ ಕುರಿಮಾಂಸ ಇದೆ. ಎಂಥ ಕುರಿಮಾಂಸ ಎಂದರೆ ಕೊಬ್ಬಿ ಬೆಳ್ಳಗಾಗಿ ಹಂದಿಮಾಂಸದ ಹಾಗೆ ಕಾಣುವಂಥದ್ದು. ದಿನಾ ಬರುವ ನಿಂಬೆಹಣ್ಣಿನ ಹೇರುಗಳ ಮುಂದೆ ತನ್ನ ದೇಶದ ಪೊವೊಸ್ ಎಂಬ ಊರಿನ ನಿಂಬೆ ಯಾವ ಲೆಕ್ಕಕ್ಕೂ ಇಲ್ಲ ಅನ್ನುತ್ತಾನೆ. ಕುರಿಯನ್ನು ನೋಡಿ ಹಂದಿ ನೆನೆಯುವುದು, ನಿಂಬೆಯನ್ನು ನೋಡಿ ಊರು ನೆನೆಯುವುದು. ಪರವೂರಿಗೆ ಹೋದವರ ಕಣ್ಣು ಮಾಡುವ ಮೊದಲ ಕೆಲಸವೇ ಅದು. ಚೀನಾದ ಗಂಜಿ ನೋಡಿ ‘ಥೇಟ್ ನಮ್ಮ ಜ್ವರದ ಗಂಜಿ’ ಅನ್ನುವ ನಮ್ಮವರೂ ಪಾಯೆಸನ ವಂಶಸ್ಥರೇ.

ಪಾಯೆಸನ ಧಾನ್ಯದ ಪಟ್ಟಿ ನನಗೆ ಅವನ ರತ್ನದ ಪಟ್ಟಿಗಿಂತ ಹೆಚ್ಚು ಇಷ್ಟ. ಅಕ್ಕಿ, ಹೆಸರು, ಹುರಳಿ, ಬಗೆಬಗೆಯ ಕಾಳು. ಗೋಧಿ ಇದೆ, ಆದರೆ ಕಡಿಮೆ. ಮುಸ್ಲಿಮರನ್ನು ಬಿಟ್ಟರೆ ತಿನ್ನುವವರಿಲ್ಲ ಅನ್ನುತ್ತಾನೆ. ಜತೆಗೊಂದು ಧಾನ್ಯ, ಅದು ಸೀವೆಲ್ಲರ ಇಂಗ್ಲಿಷಿನಲ್ಲಿ ‘ಇಂಡಿಯನ್ ಕಾರ್ನ್’ ಆಗಿದೆ. ಅದನ್ನು ಇವತ್ತು ಓದಿದವರಿಗೆ ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ನೆನಪಾದೀತು. ಆದರೆ ಮೆಕ್ಕೆಜೋಳ ಅಮೆರಿಕದ ಬೆಳೆ, ಆಗ ಇಲ್ಲಿನ ಹೊಲ ತುಂಬಿದ್ದು ಅದಲ್ಲ. ಪಾಯೆಸ್ ತನ್ನೂರಿನ ‘ಮಿಲ್ಯೊ’ ಎಂಬ ಮಾತಿನಲ್ಲಿ ಹಿಡಿಯಲು ನೋಡಿದ್ದು ನಮ್ಮ ಬಿಳಿಜೋಳವನ್ನು, ರೊಟ್ಟಿ ಬಡಿಯುವ ಜೋಳವನ್ನು. ಅಂದರೆ ನೋಡಿ, ನಮ್ಮ ದಿನದ ಊಟವೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಬೇರೆ ಖಂಡದ ಬೆಳೆಯಾಗಿ ಹೋಯಿತು. ಜೋಳಕ್ಕೇ ಈ ಗತಿಯಾದರೆ ಇಲಿ, ಬೆಕ್ಕು, ಹಲ್ಲಿಗೆ ಏನಾಗಿರಬೇಡ? ಹಲ್ಲಿ ಎಂದು ನಾವು ಓದುವುದು ಉಡ ಇರಬಹುದು, ಇಲಿ ಎಂದರೆ ಹೊಲದ ಇಲಿ ಇರಬಹುದು. ಇದು ನನ್ನ ಊಹೆ. ಆದರೆ ಉಡವನ್ನೂ ಹೊಲದಿಲಿಯನ್ನೂ ತಿನ್ನುತ್ತಿದ್ದವರು ನಮ್ಮ ಸೀಮೆಯಲ್ಲಿ ಇದ್ದರು ಎನ್ನುವುದು ಊಹೆಯಲ್ಲ.

ಇವರಿಗಿಂತ ಮುಂಚೆ, 1443ರಲ್ಲಿ, ಹೆರಾತಿನಿಂದ ಅಬ್ದುಲ್ ರಜಾಕ್ ಬಂದಿದ್ದ. ಎರಡನೇ ದೇವರಾಯನ ಅತಿಥಿ, ತೈಮೂರಿ ದೊರೆ ಶಾರುಖನ ರಾಯಭಾರಿ. ಅರಮನೆಯಿಂದ ಅವನ ಬಿಡಾರಕ್ಕೆ ಬರುತ್ತಿದ್ದ ದಿನದ ರೇಷನ್ನನ್ನು ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಮೇಲೆ ಎರಡು ವರಹ. ಇಷ್ಟು ಸಿಕ್ಕವನು ಊರನ್ನು ಹೊಗಳದೆ ಇನ್ನೇನು ಮಾಡುತ್ತಾನೆ? ವೀಳ್ಯದೆಲೆಯ ಶಕ್ತಿಯ ಬಗ್ಗೆ ಬರೆದ, ಊಟದಷ್ಟೇ ಗುಲಾಬಿ ಬೇಕೆನ್ನುವ ಜನರ ಬಗ್ಗೆ ಬರೆದ. ಈಗಿನ ಮಾತಿನಲ್ಲಿ ಹೇಳುವುದಾದರೆ ಅದು ಹೋಸ್ಟೆಡ್ ಟ್ರಿಪ್ಪು. ಇನ್‌ಫ್ಲುಯೆನ್ಸರುಗಳು ಹೋಟೆಲಿನವರ ಖರ್ಚಿನಲ್ಲಿ ಉಳಿದು ರೀಲ್ಸ್ ಮಾಡುವುದು ಹೊಸದೇನಲ್ಲ.

ಇವರು ಮೂವರೂ ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಅವರವರ ಕಸುಬು ಅವರವರ ಕಣ್ಣಾಗಿತ್ತು. ಕುದುರೆ ವ್ಯಾಪಾರಿಗೆ ದರ ಕಾಣುತ್ತದೆ, ರಾಯಭಾರಿಗೆ ಮರ್ಯಾದೆ ಕಾಣುತ್ತದೆ. ದರ, ಪ್ರಮಾಣ, ವಿಚಿತ್ರ, ಈ ಮೂರು ಇವರ ಬರಹದಲ್ಲಿ ಎಷ್ಟು ದಟ್ಟವಾಗಿವೆಯೋ ಒಲೆಯ ಮುಂದೆ ಕೂತವರು ಅಷ್ಟೇ ಅಪರೂಪ. ಆ ಜೋಳದ ರೊಟ್ಟಿ ಬಡಿದವಳು ಯಾರು, ಆ ಸಾವಿರ ಕೋಳಿ ಕೊಯ್ದವನು ಸಂಜೆ ಏನು ಉಂಡ, ಆ ಮಾತು ಇಲ್ಲ. ಇಂದಿನ ಚೀನಾ ಕುರಿತು ಹೊರಗಿನವರು ಮಾಡುವ ವಿಡಿಯೋಗಳಲ್ಲಿ ಬಹುಪಾಲಿಗೂ ಇದೇ ರೋಗ. ಗಗನಚುಂಬಿ ಮಾಲು, ಮೊಬೈಲಿನಲ್ಲೇ ದುಡ್ಡು ಕೊಡುವ ತರಕಾರಿ ಅಂಗಡಿ, ನವೆಂಬರ್ 11ರ ಸೇಲು, ಕಡ್ಡಿಗೆ ಚುಚ್ಚಿದ ಚೇಳು. ನೋಡಿ ಮುಗಿಸಿದ ಮೇಲೆ ಒಬ್ಬ ಚೀನೀಯನ ಹೆಸರೂ ತಲೆಯಲ್ಲಿ ಉಳಿಯುವುದಿಲ್ಲ.

ನೂನಿಜ್‌ನ ಪಟ್ಟಿಗೆ ವಾಪಸು ಬರೋಣ, ಯಾಕೆಂದರೆ ಅದರಲ್ಲಿ ನಾವು ಓದದೆ ಬಿಡುವ ಇನ್ನೊಂದು ವಿಷಯ ಇದೆ. ಬೇಟೆಯ ಪ್ರಾಣಿಗಳನ್ನೆಲ್ಲ ಜೀವಂತವಾಗಿಯೇ ಮಾರಬೇಕು ಅನ್ನುತ್ತಾನೆ. ಕೊಳ್ಳುವವನಿಗೆ ತಾನು ಕೊಂಡದ್ದು ಏನು ಎಂದು ಗೊತ್ತಿರಲಿ ಅಂತ. ಎಷ್ಟು ಬುದ್ಧಿವಂತ ನಿಯಮ! ಈಗಿನವರು ಇದಕ್ಕೆ ಗ್ರಾಹಕ ಸಂರಕ್ಷಣೆ ಅಂತ ಹೆಸರಿಟ್ಟಿದ್ದಾರೆ. ಚೀನಾದ ಜೀವಂತ ಮೀನು-ಕೋಳಿ ಮಾರ್ಕೆಟ್ಟುಗಳ ಹಿಂದಿನ ತರ್ಕವೂ ಬಹುಮಟ್ಟಿಗೆ ಇದೇ. 2008ರಲ್ಲಿ ಅಲ್ಲಿ ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮೈನ್ ಸಿಕ್ಕಿತು. ಆರು ಕೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳಿಗೆ ತೊಂದರೆಯಾಯಿತು. ಡಬ್ಬಿಯ ಮೇಲಿನ ಚಂದದ ಲೇಬಲ್ಲನ್ನು ನಂಬಿ ಕೆಟ್ಟ ಜನ, ತೊಟ್ಟಿಯಲ್ಲಿ ಬಾಲ ಬಡಿಯುವ ಮೀನನ್ನು ನಂಬಿದರೆ ತಪ್ಪೇನು? ಹೊಸಪೇಟೆಯ ಚಿಕನ್ ಅಂಗಡಿಯಲ್ಲಿ ನಾವೂ ‘ಅದು, ಆ ಕಡೇದು’ ಅಂತ ಜಾಲರಿಯೊಳಗಿನ ಕೋಳಿಗೆ ಬೆರಳು ತೋರಿಸುತ್ತೇವಲ್ಲ.

2020ರಲ್ಲಿ ವುಹಾನಿನ ಸುದ್ದಿ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹರಿದಾಡಿದ ವಿಡಿಯೋಗಳನ್ನು ನೆನಪು ಮಾಡಿಕೊಳ್ಳಿ. ಬಾವಲಿ ಸೂಪು, ಹಾವಿನ ಹುರಿದದ್ದು, ಕೆಳಗೆ ‘ತಿಂದದ್ದು ಉಣ್ಣಲಿ’ ಅಂತ ಕಾಮೆಂಟು. ಸೋಂಕಿನ ಪ್ರಶ್ನೆ ನಿಜವಾದ ಪ್ರಶ್ನೆ, ಅದಕ್ಕೆ ಉತ್ತರ ಹುಡುಕಬೇಕಾದವರು ವಿಜ್ಞಾನಿಗಳು. ಚೀನಾ ಸರಕಾರವೇ ಆ ಫೆಬ್ರವರಿಯಲ್ಲಿ ಕಾಡುಪ್ರಾಣಿಗಳನ್ನು ತಿನ್ನುವುದಕ್ಕೆ ನಿಷೇಧ ಹಾಕಿತು. ಆದರೆ ನಮ್ಮ ಗ್ರೂಪಿನಲ್ಲಿ ಹರಿದದ್ದು ವಿಜ್ಞಾನ ಅಲ್ಲ, ಅಸಹ್ಯ. ಮತ್ತು ಆ ಅಸಹ್ಯವನ್ನು ನಾವು ಚೀನೀಯರನ್ನು ನೋಡಿ ಕಲಿತದ್ದೂ ಅಲ್ಲ. ಅದು ಮನೆಯಲ್ಲೇ ಇತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು: ಅಡ್ವಾನ್ಸ್ ಎಷ್ಟು ಅನ್ನುವುದಕ್ಕಿಂತ ಮೊದಲು ‘ನೀವು ವೆಜ್ಜಾ?’ ಅನ್ನುವ ಪ್ರಶ್ನೆ ಬರುತ್ತದೆ. ನಗುತ್ತಲೇ ಕೇಳುತ್ತಾರೆ. ತಟ್ಟೆಯ ನೆಪದಲ್ಲಿ ಜಾತಿ ಕೇಳುವ ಉಪಾಯ ಅದು. ಊರಿನಲ್ಲಿ ಯಾವ ಕೇರಿಯವರು ಏನು ತಿನ್ನುತ್ತಾರೆ ಎಂದು ಪಿಸುಗುಟ್ಟುತ್ತಿದ್ದ ನಾಲಗೆಗೆ ಚೀನಾ ಸಿಕ್ಕಿದ್ದು ಒಂದು ಅನುಕೂಲ. ಅಲ್ಲಿ ಜೋರಾಗಿ ಹೇಳಬಹುದು, ಯಾರೂ ಕೇಸು ಹಾಕುವುದಿಲ್ಲ.

ನನ್ನ ತಾಯಿಯ ತವರು ಕಂಪ್ಲಿ. ಇವತ್ತು ಕಂಪ್ಲಿ ಅಂದರೆ ನೀರಾವರಿ, ಭತ್ತ, ಕಬ್ಬು. ಆದರೆ ತುಂಗಭದ್ರಾ ಡ್ಯಾಮಿನ ನೀರು ಹರಿದದ್ದು 1953ರ ಈಚೆಗೆ. ಅದಕ್ಕೂ ಹಿಂದೆ ಬಳ್ಳಾರಿ ಸೀಮೆ ಎಂದರೆ ಬರದ ಸೀಮೆ. 1876ರಿಂದ 78ರ ತನಕ ಬಿದ್ದ ಧಾತು-ಈಶ್ವರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಬರದ ಕತೆಯನ್ನು ತನ್ನ ಅಜ್ಜಿಯಿಂದ ಕೇಳಿದ್ದ ನಮ್ಮ ಅಜ್ಜಿ, ನಾನು ಚಿಕ್ಕವನಿದ್ದಾಗ ‘ಆಗ ಏನ್ ತಿಂತಿದ್ರು?’ ಅಂತ ಕೇಳಿದರೆ ಬಾಯಿ ಮೇಲೆ ಕೈ ಇಡುತ್ತಿದ್ದಳು. ‘ಬರದಾಗ ಯಾರು ಏನ್ ತಿಂದ್ರು ಅಂತ ಕೇಳಬಾರದಪ್ಪ’ ಅನ್ನುತ್ತಿದ್ದಳು. ಚೀನಾದ ಅಜ್ಜಿಯರಿಗೂ ಇಂಥದ್ದೇ ಮಾತಿರಬೇಕು. 1959ರಿಂದ 61ರವರೆಗಿನ ಮಹಾಕ್ಷಾಮದಲ್ಲಿ ಅಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿದೆ. ಆ ಕ್ಷಾಮ ದಾಟಿ ಬದುಕಿದ ಮಕ್ಕಳೇ ಇವತ್ತಿನ ಮಾಲುಗಳಲ್ಲಿ ಮೊಮ್ಮಕ್ಕಳ ಕೈ ಹಿಡಿದು ಓಡಾಡುವ ಅಜ್ಜ-ಅಜ್ಜಿಯರು. ಅದನ್ನು ಮರೆತು ಅವರ ತಿನ್ನುವ ಉತ್ಸಾಹವನ್ನು ನೋಡಿದರೆ ಅದು ಬರೀ ಆಸೆಬುರುಕತನವಾಗಿ ಕಾಣುತ್ತದೆ.

ಹೊರಗಿನ ಕಣ್ಣೆಲ್ಲ ಹೀಗೇ ಇರಬೇಕೆಂದಿಲ್ಲ ಅನ್ನುವುದಕ್ಕೆ ಒಬ್ಬ ಚೀನೀಯನೇ ಸಾಕ್ಷಿ. 15ನೇ ಶತಮಾನದಲ್ಲಿ ಝೆಂಗ್ ಹೆ ಎಂಬ ನೌಕಾಧಿಪತಿಯ ಜತೆ ಮಾ ಹುವಾನ್ ಎಂಬ ದುಭಾಷಿ ಕಲ್ಲಿಕೋಟೆಗೆ ಬಂದಿದ್ದ. ಸ್ವತಃ ಮುಸ್ಲಿಂ. ಅಲ್ಲಿಯ ರಾಜ ಮತ್ತು ಮುಸ್ಲಿಮರ ನಡುವೆ ಒಂದು ಒಪ್ಪಂದ ಇರುವುದನ್ನು ಅವನು ಗುರುತು ಹಾಕಿಕೊಂಡ: ನೀವು ದನ ಮುಟ್ಟಬೇಡಿ, ನಾವು ಹಂದಿ ಮುಟ್ಟುವುದಿಲ್ಲ. ಏನು ತಿನ್ನುತ್ತಾರೆ ಎಂದು ನೋಡುವ ಬದಲು, ಬೇರೆ ಬೇರೆ ತಿನ್ನುವವರು ಒಂದೇ ಊರಿನಲ್ಲಿ ಹೇಗೆ ಬಾಳುತ್ತಾರೆ ಎಂದು ನೋಡಿದ ಕಣ್ಣು ಅದು. ಆ ಕಣ್ಣು ಹಂಪಿಗೂ ಬರಬೇಕಿತ್ತು ಅನ್ನಿಸುತ್ತದೆ. ಹಾಗಂತ ಹಂಪಿಗೆ ಚೀನಾ ಅಪರಿಚಿತವೇನಲ್ಲ. ಬುಕ್ಕರಾಯ 1374ರಲ್ಲಿ ಮಿಂಗ್ ಆಸ್ಥಾನಕ್ಕೆ ರಾಯಭಾರ ಕಳಿಸಿದ್ದ. ಹಂಪಿಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ನಮ್ಮ ಶ್ರೀಮಂತರ ಮನೆಯ ಸಾರು ಚೀನಾದ ಬಟ್ಟಲಿನಲ್ಲಿ ಇತ್ತು ಅಂತಾಯಿತು. ನಮ್ಮೂರಿನ ಹೆಸರೇ ಹೊಸ ಪೇಟೆ. ಕೃಷ್ಣದೇವರಾಯ ಕಟ್ಟಿಸಿದ ಹೊಸ ಊರು. ಕೊಳ್ಳುವುದು ಮಾರುವುದು ನಮ್ಮ ಜಾತಕದಲ್ಲೇ ಬರೆದಿದೆ.

ಚೀನಾ ಮತ್ತೆ ಹೊಸಪೇಟೆಗೆ ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ, ಈ ಸಲ ಪಿಂಗಾಣಿ ಹಿಡಿದು ಅಲ್ಲ, ಅದಿರಿನ ಬೆಲೆ ಹಿಡಿದು. ಸಂಡೂರಿನ ಗುಡ್ಡಗಳಲ್ಲಿ ಗಣಿಗಾರಿಕೆ ಹಳೆಯದು; ಆದರೆ ಇಲ್ಲಿ ಕೇಳುವವರಿಲ್ಲದ ಪುಡಿ ಅದಿರಿಗೂ ಚೀನಾದ ಉಕ್ಕಿನ ಕುಲುಮೆಗಳು ದುಡ್ಡು ಕೊಡಲು ಶುರು ಮಾಡಿದ ಮೇಲೆ ಮಣ್ಣಿಗೇ ಬೆಲೆ ಬಂತು. ಲಾರಿಗಳು ರಾತ್ರಿ ಹಗಲು ಬೇಲೇಕೇರಿ, ಮಂಗಳೂರು, ಕೃಷ್ಣಪಟ್ಟಣದ ಬಂದರುಗಳಿಗೆ ಓಡಿದವು. ನಮ್ಮ ಮನೆಯ ಬಾಗಿಲು, ಬೇವಿನಮರ, ಒಣಹಾಕಿದ ಬಿಳಿ ಪಂಚೆ, ಎಲ್ಲ ಕೆಂಪು. ಅಮ್ಮ ರೊಟ್ಟಿ ಬುಟ್ಟಿಗೆ ಎರಡು ಬಟ್ಟೆ ಮುಚ್ಚುತ್ತಿದ್ದಳು. 2008ರ ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು ಟಿವಿಯಲ್ಲಿ ನೋಡುತ್ತ ಪಕ್ಕದ ಮನೆಯವರು ‘ನೋಡ್ರಿ, ನಮ್ ಗುಡ್ಡ ಹೆಂಗ್ ಮಿಂಚಕ್ ಹತ್ತೈತಿ’ ಅಂದಿದ್ದರು. ಆ ಸ್ಟೇಡಿಯಂನಲ್ಲೇ ನಮ್ಮ ಗುಡ್ಡ ಇತ್ತು ಅನ್ನುವುದು ಜಾಣಮಾತು. ಆದರೆ ಚೀನಾದಲ್ಲಿ ಆ ದಶಕದಲ್ಲಿ ಎದ್ದ ಫ್ಲಾಟು, ಫ್ಲೈಓವರು, ಫ್ರಿಜ್ಜು, ಕಾರುಗಳ ಉಕ್ಕಿನಲ್ಲಿ ಎಲ್ಲೋ ಸಂಡೂರಿನ ಮಣ್ಣು ಇದೆ ಎಂಬುದರಲ್ಲಿ ಅನುಮಾನವಿಲ್ಲ.

ಅತ್ತ ಅವರ ಕೊಳ್ಳುವ ಸಂಸ್ಕೃತಿ ಬೆಳೆಯುತ್ತಿದ್ದಾಗ ಇತ್ತ ಅದೇ ದುಡ್ಡಿನಲ್ಲಿ ನಮ್ಮದೂ ಬೆಳೆಯಿತು. ದೊಡ್ಡ ದೊಡ್ಡ ಕಾರು, ಹೆಲಿಕಾಪ್ಟರ್, ನಾಲ್ಕು ದಿನದ ಮದುವೆ, ಎಲೆಗೆ ಇಪ್ಪತ್ತೆಂಟು ಐಟಂ. ಚೀನಾದ ಹೊಸ ಶ್ರೀಮಂತರ ಬಗ್ಗೆ ಪರದೇಶಿ ಪತ್ರಕರ್ತರು ಬರೆದ ಗೇಲಿಯ ಲೇಖನಗಳನ್ನು ಓದಿದರೆ, ಊರಿನ ಹೆಸರು ಬದಲಿಸಿದರೆ ಸಾಕು, ಆಗಿನ ಬಳ್ಳಾರಿ-ಹೊಸಪೇಟೆಗೆ ಸರಿಹೊಂದುತ್ತವೆ. ಒಂದೇ ಕುಣಿಯಿಂದ ಎದ್ದ ಎರಡು ಸಂಪತ್ತುಗಳು. ಅವು ಒಂದನ್ನೊಂದು ನೋಡಿ ನಗುವುದರಲ್ಲಿ ಅರ್ಥವಿಲ್ಲ. ಆಮೇಲೆ 2010ರ ಜುಲೈನಲ್ಲಿ ರಾಜ್ಯ ಸರಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕಂತು ಕಟ್ಟಲಾಗದ ಲಾರಿಗಳು ರಸ್ತೆ ಬದಿ ಸಾಲುಗಟ್ಟಿ ನಿಂತವು. ನಮ್ಮ ಓಣಿಯ ಗೋಬಿ ಬಂಡಿಯವರು ಆಗ ಅದಿರು ಲಾರಿ ಓಡಿಸುತ್ತಿದ್ದವರು. ‘ಮೊದ್ಲು ಚೀನಾಕ್ಕ ಮಣ್ಣು ಕಳಿಸ್ತಿದ್ವಿ, ಈಗ ಚೀನಾದ್ ಹೆಸರ್ ಮ್ಯಾಲ ಗೋಬಿ ಮಾರ್ತೀವಿ’ ಅಂತ ಅವರೇ ನಗುತ್ತಾರೆ.

ಅದೇ 2011ರ ಜುಲೈ ಕೊನೆಯಲ್ಲಿ ಹಂಪಿಯಲ್ಲಿ ಇನ್ನೊಂದು ನಡೆಯಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಹೋಟೆಲು, ಅಂಗಡಿ ಮಾಡಿಕೊಂಡಿದ್ದವರನ್ನು ಜೆಸಿಬಿ ತಂದು ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು. ಆ ಹೋಟೆಲುಗಳ ಮೆನು ಕಾರ್ಡುಗಳನ್ನು ಯಾರಾದರೂ ಕಾಪಾಡಿ ಇಟ್ಟಿದ್ದರೆ ಚೆನ್ನಾಗಿತ್ತು. ನನ್ನ ಮಟ್ಟಿಗೆ ಈಚಿನ ಹಂಪಿಯ ಬಗ್ಗೆ ಬಂದ ಒಳ್ಳೇ ಪ್ರವಾಸಕಥನ ಅದೇ. ಶಕ್ಷುಕ, ಫಲಾಫೆಲ್, ಹಮ್ಮಸ್, ನುಟೆಲ್ಲಾ ಪ್ಯಾನ್‌ಕೇಕ್, ಕೊನೆಯ ಪುಟದಲ್ಲಿ ಚೌಮೀನ್. ಕಾಗುಣಿತ ತಪ್ಪಿದ ಇಂಗ್ಲಿಷು, ಮಗ್ಗುಲಲ್ಲಿ ಹೀಬ್ರೂ. ನೂನಿಜ್ ಬರೆದದ್ದು ನಾವು ಏನು ತಿನ್ನುತ್ತೇವೆ ಎಂದು. ಈ ಮೆನು ಬರೆದವರು ನಮ್ಮ ಹುಡುಗರು, ಪರದೇಶಿಗಳು ಏನು ತಿನ್ನುತ್ತಾರೆ ಎಂದು ಕಂಡುಕೊಂಡು ಬರೆದರು. ಅವರು ಯಾರನ್ನೂ ಗೇಲಿ ಮಾಡಲಿಲ್ಲ. ಮೊಟ್ಟೆಯನ್ನು ಟೊಮೆಟೊ ರಸದಲ್ಲಿ ಬೇಯಿಸುವುದನ್ನು ಕಲಿತರು, ಅಷ್ಟೆ. ಅಡುಗೆ ಮಾಡುವವನ 
ಕಣ್ಣಿಗೂ ನೋಡಿ ಹೋಗುವವನ ಕಣ್ಣಿಗೂ ಇರುವ ವ್ಯತ್ಯಾಸ ಇದು.

ಸ್ಮಾರಕದೊಳಗೆ ತಿಂಡಿ ಅಂಗಡಿ ಇರಬೇಕೋ ಬೇಡವೋ ಎಂಬ ಜಗಳ ಚೀನಾದಲ್ಲೂ ಆಗಿದೆ. ಬೀಜಿಂಗಿನ ಅರಮನೆಯೊಳಗೆ 2000ದಿಂದ ಇದ್ದ ಸ್ಟಾರ್‌ಬಕ್ಸ್ ಕಾಫಿ ಅಂಗಡಿ 2007ರಲ್ಲಿ ಮುಚ್ಚಿತು; ಟಿವಿ ನಿರೂಪಕನೊಬ್ಬ ತನ್ನ ಬ್ಲಾಗಿನಲ್ಲಿ ಎತ್ತಿದ ತಕರಾರು ಲಕ್ಷಗಟ್ಟಲೆ ಜನರ ತಕರಾರಾಗಿ ಬೆಳೆದ ಮೇಲೆ. ಆದರೆ ಅಲ್ಲಿ ಹೋದದ್ದು ಪರದೇಶದ ದೈತ್ಯ ಕಂಪನಿಯ ಒಂದು ಕೌಂಟರು. ಇಲ್ಲಿ ಹೋದದ್ದು ಬಜಾರಿನಲ್ಲೇ ಹುಟ್ಟಿ ಬೆಳೆದವರ ಒಲೆ. ಪಾರಂಪರಿಕ ತಾಣ ಉಳಿಯಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಬಜಾರಿನ ಕಲ್ಲು ಉಳಿಸುವುದಕ್ಕೆ ಬಜಾರನ್ನೇ ಖಾಲಿ ಮಾಡಬೇಕಿತ್ತೇ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಪಾಯೆಸ್ ಕಂಡು ಬೆರಗಾದದ್ದು ಕಲ್ಲುಕಂಬಕ್ಕಷ್ಟೇ ಅಲ್ಲ, ಅಲ್ಲಿ ಮಾರುತ್ತಿದ್ದವರಿಗೂ.

ಇನ್ನೊಂದು ಹೋಲಿಕೆ. ಕೆಎಫ್‌ಸಿ ಚೀನಾಕ್ಕೆ ಬಂದದ್ದು 1987ರಲ್ಲಿ, ಬೀಜಿಂಗಿಗೆ. ಜನ ಕ್ಯೂ ನಿಂತರು. ಭಾರತಕ್ಕೆ ಬಂದದ್ದು 1995ರಲ್ಲಿ, ನಮ್ಮ ಬೆಂಗಳೂರಿಗೇ. 1996ರ ಜನವರಿಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘದ ಕಾರ್ಯಕರ್ತರು ನುಗ್ಗಿ ಗಾಜು ಒಡೆದರು. ಇವತ್ತು ಎರಡೂ ದೇಶದಲ್ಲಿ ಅದೇ ಕೆಂಪು ಬಕೆಟ್ಟು. ಆದರೆ ಚೀನಾದ ಕೆಎಫ್‌ಸಿಯಲ್ಲಿ ಬೆಳಿಗ್ಗೆ ಗಂಜಿ ಸಿಗುತ್ತದೆ. ಕಂಪನಿಯನ್ನು ಬಗ್ಗಿಸಿ ಗಂಜಿ ಬಡಿಸುವಂತೆ ಮಾಡಿದ್ದು ಅಲ್ಲಿನ ಗಿರಾಕಿ. ಆಧುನಿಕ ಚೀನಾ ಅಂದರೆ ಬರೀ ಪಶ್ಚಿಮದ ನಕಲು ಎನ್ನುವವರು ಆ ಗಂಜಿಯನ್ನು ನೋಡಿರುವುದಿಲ್ಲ. ಹಾಗೆಯೇ 2021ರಲ್ಲಿ ಅಲ್ಲಿ ಊಟ ಚೆಲ್ಲುವುದರ ವಿರುದ್ಧ ಕಾನೂನು ಬಂತು. ವಿಪರೀತ ಉಳಿಸಿದವರಿಂದ ಹೋಟೆಲಿನವರು ದುಡ್ಡು ಕೇಳಬಹುದು, ಮಿತಿಮೀರಿ ತಿನ್ನುವ ವಿಡಿಯೋ ಹಾಕಿದರೆ ಒಂದು ಲಕ್ಷ ಯುವಾನ್‌ವರೆಗೂ ದಂಡ. ಸರಕಾರ ಜನರ ತಟ್ಟೆಗೂ ಕೈ ಹಾಕುವುದು ನನಗೆ ಇಷ್ಟವಾಗುವ ಮಾತಲ್ಲ. ಆದರೆ ಹೊಸಪೇಟೆಯ ಕಲ್ಯಾಣಮಂಟಪಗಳ ಹಿಂದೆ ಎಂಜಲೆಲೆಯ ಗುಡ್ಡೆ ನೋಡಿದಾಗ ಅಜ್ಜಿಯ ‘ಎಲಿಯಾಗ ಬಿಡಬ್ಯಾಡ’ ನೆನಪಾಗುತ್ತದೆ.

ಈಗ ಗೋಬಿಯ ವಿಷಯ. ಅದರ ಅಣ್ಣ ಚಿಕನ್ ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ, ಮುಂಬೈಯಲ್ಲಿ, ನೆಲ್ಸನ್ ವಾಂಗ್ ಎಂಬ ಕಲ್ಕತ್ತೆಯ ಚೀನೀ ಬಾಣಸಿಗನ ಕೈಯಲ್ಲಿ ಎಂದು ಪ್ರತೀತಿ. ಮಂಚೂರಿಯಾದವರಿಗೆ ಅದರ ಸುದ್ದಿಯೇ ಇಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಹೋದ 171 ಸ್ಯಾಂಪಲ್ಲಿನಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಅಂದರೆ ‘ಅವರು ಏನೇನೋ ತಿಂತಾರೆ’ ಎಂದು ನಗುತ್ತಿದ್ದ ನಾವು ಇಪ್ಪತ್ತು ಮೂವತ್ತು ವರ್ಷದಿಂದ ಏನು ತಿನ್ನುತ್ತಿದ್ದೆವು ಎಂದು ನಮಗೇ ಗೊತ್ತಿರಲಿಲ್ಲ. ಕೊಳ್ಳುವವನಿಗೆ ತಾನು ಕೊಂಡದ್ದು ಏನೆಂದು ತಿಳಿದಿರಬೇಕು ಎಂಬ ಹಳೇ ಹಂಪಿ ಪೇಟೆಯ ನಿಯಮ ಹೊಸ ಪೇಟೆಯಲ್ಲಿ ಇರಲಿಲ್ಲ.

ಬಂಡಿಯಿಂದ ಮನೆಗೆ ನಡೆಯುತ್ತ ತಮ್ಮನನ್ನು ಕೇಳಿದೆ. ‘ನೀನು ಮನೇಲಿ ಮೊಟ್ಟೆನೂ ಮುಟ್ಟಲ್ಲ. ಹತ್ತು ದಿನ ಹೆಂಗ್ ಮಾಡ್ದಿ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಉಳಿದುಕೊಂಡಿದ್ದ ಲಾಡ್ಜಿನ ಕೆಳಗೆ ಒಂದು ಸಣ್ಣ ಊಟದ ಅಂಗಡಿ ಇತ್ತಂತೆ. ನಡುವಯಸ್ಸಿನ ಹೆಂಗಸು, ಅವಳಿಗೆ ಇಂಗ್ಲಿಷು ಬರದು, ಇವನಿಗೆ ಅವಳ ಭಾಷೆ ಬರದು. ಮೊಬೈಲಿನ ಅನುವಾದದಲ್ಲಿ ‘ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ’ ಅಂತ ತೋರಿಸಿದ. ಅವಳು ಓದಿ, ಬಾಣಲೆಯನ್ನು ಅವನ ಕಣ್ಣೆದುರೇ ಎರಡು ಸಲ ತಿಕ್ಕಿ ತೊಳೆದು, ಬೆಳ್ಳುಳ್ಳಿ ಹಾಕಿ ಸೊಪ್ಪು ಹುರಿದು ಅನ್ನದ ಮೇಲೆ ಹಾಕಿ ಕೊಟ್ಟಳು. ಮರುದಿನದಿಂದ ಇವನು ಹೊತ್ತಾಗಿ ಬಂದರೂ ಸೊಪ್ಪು ತೆಗೆದಿಟ್ಟಿರುತ್ತಿದ್ದಳು. ದಿನಾ ಅವನನ್ನು ಕಂಡಕೂಡಲೇ ಏನೋ ಒಂದೇ ಮಾತು ಕೇಳುತ್ತಿದ್ದಳಂತೆ. ಮೂರನೇ ದಿನ ಅದನ್ನೂ ಮೊಬೈಲಿಗೆ ಕೇಳಿಸಿದ. ‘ಅನ್ನ ಉಂಡಾಯ್ತಾ?’ ಅಂತ ಬಂತು.

ಫೋಶಾನಿನ ಕಡೆ ಅದು ‘ಸಿಕ್ ಜೋ ಫಾನ್ ಮೇ?’, ಬೀಜಿಂಗಿನ ಕಡೆ ‘ಛ್ ಲ ಮಾ?’ ಚೀನಾದ ಹಳೇ ತಲೆಗಳು ಒಬ್ಬರನ್ನೊಬ್ಬರು ಕಂಡಾಗ ಕೇಳುವ ಮಾತು. ನಮ್ಮ ಓಣಿಯಲ್ಲಿ ‘ಊಟ ಆತೇನು?’ ಅನ್ನುತ್ತೇವಲ್ಲ, ಅಕ್ಷರಶಃ ಅದೇ. ಹಸಿವು ಕಂಡ ಸೀಮೆಯವರಿಗೆ ಬೇರೆ ಕ್ಷೇಮಸಮಾಚಾರ ತೋಚುವುದಿಲ್ಲವೇನೋ.

‘ಅವಳ ಫೋಟೋ ಐತೇನೋ?’ ಅಂದೆ.

ಅವನು ಮೊಬೈಲ್ ತೆಗೆದು ಬೆರಳಾಡಿಸಿದ. ಕಪ್ಪೆ ಇತ್ತು, ಆಮೆ ಇತ್ತು, ಏಡಿ ಇತ್ತು, ಟೈಲ್ಸಿನ ಇನ್ನೂರು ಫೋಟೋ ಇದ್ದವು. ‘ಇಲ್ಲಣ್ಣ’ ಅಂದ. ‘ತೆಗೀಬೇಕು ಅಂತ ಅನ್ನಿಸ್ಲೇ ಇಲ್ಲ ನೋಡು.’